ಮನೆಗಳ ನಡುವೆ ವಾಣಿಜ್ಯ ಸಂಕೀರ್ಣ ಏಳುತ್ತಿದೆಯೇ? ಬಡಾವಣೆಯ ಜನರಿಗೊಂದು ಸಮಗ್ರ ಮಾರ್ಗದರ್ಶಿ

ರಸ್ತೆಯ ಮೂಲೆಯಲ್ಲಿದ್ದ ಎರಡು ಹಳೆ ಮನೆ ಒಡೆಯುತ್ತಾರೆ. ಸುತ್ತ ತಗಡು ಹೊಡೆಯುತ್ತಾರೆ. ಯಾರೋ ಸೆಕ್ಯುರಿಟಿಯವನನ್ನು ಕೇಳಿದರೆ "ಮನೆ ಕಟ್ತಾರಂತೆ ಸಾರ್" ಅನ್ನುತ್ತಾನೆ. ಜೆಸಿಬಿ ಬಂದು ಎರಡು ಅಂತಸ್ತಿನ ಆಳಕ್ಕೆ ಅಗೆದಾಗ ಗೊತ್ತಾಗುತ್ತದೆ, ಬರುತ್ತಿರುವುದು ಅಂಗಡಿ, ಆಫೀಸು, ಮೇಲೊಂದು ಪಬ್ಬು ಇರುವ ದೊಡ್ಡ ಸಂಕೀರ್ಣ ಅಂತ. ಬೆಂಗಳೂರಿನ ಇಂದಿರಾನಗರ, ಕೋರಮಂಗಲದವರಿಗೆ ಈ ಕತೆ ಹೊಸದಲ್ಲ. ಈಗ ಮೈಸೂರು, ಮಂಗಳೂರು, ಹುಬ್ಬಳ್ಳಿಯ ಬಡಾವಣೆಗಳಿಗೂ ಬಂದಿದೆ.

ಆಗ ಸಾಮಾನ್ಯವಾಗಿ ಆಗುವುದು ಇಷ್ಟು: ವಾಟ್ಸಾಪ್ ಗುಂಪಿನಲ್ಲಿ ಸಿಟ್ಟು, ಶಾಸಕರಿಗೊಂದು ಮನವಿ, ಪತ್ರಿಕೆಯಲ್ಲೊಂದು ಫೋಟೋ. ಅಷ್ಟರಲ್ಲಿ ಮೂರನೇ ಮಹಡಿಯ ಮೋಲ್ಡ್ ಬಿದ್ದಿರುತ್ತದೆ. ಇಂಥ ಜಗಳ ಗೆಲ್ಲಬೇಕಾದರೆ ಕಾಗದ ಬೇಕು, ಅದೂ ಬೇಗ ಬೇಕು. ತಳಪಾಯದ ಹಂತದಲ್ಲಿ ಕೈಗೆ ಸಿಕ್ಕ ಒಂದು ನಕ್ಷೆ, ಆರನೇ ಮಹಡಿ ಎದ್ದ ಮೇಲೆ ಮಾಡುವ ಹತ್ತು ಪ್ರತಿಭಟನೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಕೆಳಗಿನ ಕ್ರಮ ಕರ್ನಾಟಕದ ಕಾನೂನಿಗೆ ಸಂಬಂಧಿಸಿದ್ದು. ಹೆಚ್ಚಿನ ಉದಾಹರಣೆ ಬೆಂಗಳೂರಿನದು.

ಹಂತ 1: ಮೊದಲ ವಾರ ಬಾಯಿ ಮುಚ್ಚಿ, ಕಣ್ಣು ತೆರೆದಿಡಿ

ಕಟ್ಟುವವರ ಜೊತೆ ಜಗಳಕ್ಕೆ ಹೋಗಬೇಡಿ. ಮೊದಲು ಸೈಟಿನ ಮುಂದೆ ನಿಂತು ನೋಡಿ. ಫಲಕ ಇದೆಯಾ? ಪರವಾನಗಿ ಸಂಖ್ಯೆ, ಮಾಲೀಕರ ಹೆಸರು, ಎಂಜಿನಿಯರ್ ಹೆಸರು ಇದೆಯಾ? 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಮೀರತ್ ನಗರದ ಶಾಸ್ತ್ರಿ ನಗರದ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ವಸತಿ ನಿವೇಶನದಲ್ಲಿ ಅಂಗಡಿ ಕಟ್ಟಿದ್ದ ಪ್ರಕರಣ ಅದು. ಕಟ್ಟಡ ಕೆಲಸ ನಡೆಯುವಷ್ಟು ಕಾಲವೂ ಮಂಜೂರಾದ ನಕ್ಷೆಯ ಪ್ರತಿಯನ್ನು ಸ್ಥಳದಲ್ಲೇ ಪ್ರದರ್ಶಿಸಬೇಕು, ಅಧಿಕಾರಿಗಳು ಆಗಾಗ ಬಂದು ನೋಡಿ ದಾಖಲೆ ಮಾಡಬೇಕು ಅಂತ ಅದರಲ್ಲಿ ಇಡೀ ದೇಶಕ್ಕೆ ನಿರ್ದೇಶನವಿದೆ. ನಕ್ಷೆ ತೂಗುಹಾಕಿಲ್ಲ ಅಂದರೆ ನಿಮ್ಮ ಮೊದಲ ದೂರಿಗೆ ವಿಷಯ ಸಿಕ್ಕಿತು.

ಫೋಟೋ ತೆಗೆಯಿರಿ. ದಿನಾಂಕ, ಜಾಗ ಎರಡೂ ಬೀಳುವ ಆ್ಯಪ್ ಬಳಸಿ. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ನಿಂತು ತೆಗೆದರೆ ಸಾಕು. ಮುಂದೆ "ದೂರು ಬಂದಾಗಲೇ ಕಟ್ಟಡ ಮುಗಿದಿತ್ತು" ಅಂತ ಯಾರಾದರೂ ಹೇಳಿದರೆ ಈ ಫೋಟೋಗಳೇ ಉತ್ತರ.

ಅಕ್ಕಪಕ್ಕದ ಗೋಡೆಯವರು ಇನ್ನೊಂದು ಕೆಲಸ ಮಾಡಲೇಬೇಕು. ಬೇಸ್‌ಮೆಂಟ್ ಅಗೆಯುವ ಮುಂಚೆ ನಿಮ್ಮ ಮನೆಯ ಪ್ರತಿ ಗೋಡೆ, ಕಾಂಪೌಂಡ್, ಸಂಪು, ನೆಲ ಎಲ್ಲವನ್ನೂ ವಿಡಿಯೋ ಮಾಡಿಡಿ. ಸಾಧ್ಯವಾದರೆ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ, ಈಗಿನ ಸ್ಥಿತಿಯ ಬಗ್ಗೆ ಸಹಿ ಮಾಡಿದ ವರದಿ ಪಡೆಯಿರಿ. ಅಗೆತದಿಂದ ಗೋಡೆ ಬಿರುಕು ಬಿಟ್ಟಾಗ ಎದುರು ಪಾರ್ಟಿ ಹೇಳುವ ಮಾತು ಒಂದೇ: "ಆ ಬಿರುಕು ಮೊದಲೇ ಇತ್ತು." ಈ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ಹಂತ 2: ಆ ಜಾಗ ಯಾವ ವಲಯದಲ್ಲಿದೆ?

ಇಡೀ ಹೋರಾಟ ನಿಂತಿರುವುದು ಈ ಪ್ರಶ್ನೆಯ ಮೇಲೆ. ಪ್ರತಿ ನಗರಕ್ಕೂ ಒಂದು ಮಹಾಯೋಜನೆ ಇರುತ್ತದೆ. ಜನರ ಬಾಯಲ್ಲಿ ಅದು ಇನ್ನೂ ಸಿಡಿಪಿ. ಅದರಲ್ಲಿ ಯಾವ ಜಾಗ ವಸತಿ, ಯಾವುದು ವಾಣಿಜ್ಯ, ಯಾವುದು ಪಾರ್ಕು ಅಂತ ಬಣ್ಣ ಹಚ್ಚಿರುತ್ತಾರೆ. ಬೆಂಗಳೂರಿಗೆ 2007ರಲ್ಲಿ ಒಪ್ಪಿಗೆಯಾದ ಪರಿಷ್ಕೃತ ಮಹಾಯೋಜನೆ 2015 ಆಧಾರ. 2031ರ ಕರಡು 2017ರಲ್ಲಿ ಬಂತು, ಆಮೇಲೆ ಸರ್ಕಾರವೇ ಅದನ್ನು ವಾಪಸ್ ಪಡೆಯಿತು. ಹಾಗಾಗಿ ಹೆಸರಿನಲ್ಲಿ 2015 ಇದ್ದರೂ ಜಗಳಗಳೆಲ್ಲ ಆ ಹಳೆ ನಕ್ಷೆಯ ಸುತ್ತಲೇ ನಡೆದಿವೆ.

"ವಸತಿ ವಲಯ" ಅಂದ ಮಾತ್ರಕ್ಕೆ ಅಂಗಡಿಗೆ ಪೂರ್ತಿ ನಿಷೇಧ ಅಂತ ತಿಳಿಯಬೇಡಿ. ಬೆಂಗಳೂರಿನ ಯೋಜನೆಯಲ್ಲಿ ವಸತಿ ಮುಖ್ಯ, ವಸತಿ ಮಿಶ್ರ ಅಂತ ಎರಡು ಬಗೆ ಇವೆ. ಮಿಶ್ರದಲ್ಲಿ ಅಂಗಡಿ, ಆಫೀಸಿಗೆ ಜಾಗ ಜಾಸ್ತಿ. ಮುಖ್ಯದಲ್ಲಿ ಮನೆಯ ಜೊತೆಗೆ ಒಂದಿಷ್ಟು ಪೂರಕ ಬಳಕೆಗೆ ಮಾತ್ರ ಅವಕಾಶ. ನೆಲಮಹಡಿಯ ವೈದ್ಯರ ಕ್ಲಿನಿಕ್ಕನ್ನು, ಮೂಲೆಯ ದಿನಸಿ ಅಂಗಡಿಯನ್ನು ಯಾರೂ ತಡೆಯಲಾರರು, ತಡೆಯಬಾರದು ಕೂಡ. ನೀವು ನೋಡಬೇಕಾದ್ದು ಎಷ್ಟು ಚದರ ಮೀಟರ್, ಎಷ್ಟು ಅಗಲದ ರಸ್ತೆ ಅನ್ನುವುದು. 40 ಅಡಿಗಿಂತ ಕಿರಿದಾದ ರಸ್ತೆಗಳಲ್ಲಿ ವಾಣಿಜ್ಯ ಬಳಕೆ ಬೇಕೇ ಬೇಡವೇ ಅಂತ ಬೆಂಗಳೂರಿನ ಸಂಘಗಳು ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿವೆ. ವಲಯ ನಿಯಮದ ಈಗಿನ ತಿದ್ದುಪಡಿ ತೆಗೆದು ಓದಿ. ಹಳೆಯ ಪಿಡಿಎಫ್ ನೋಡಿ ದೂರು ಬರೆದರೆ ಮೊದಲ ಭೇಟಿಯಲ್ಲೇ ಅಧಿಕಾರಿ ನಗುತ್ತಾರೆ.

ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಅಥವಾ ಗೃಹ ನಿರ್ಮಾಣ ಸಹಕಾರ ಸಂಘದ ಸೈಟಾದರೆ, ಮೂಲ ಹಂಚಿಕೆ ಪತ್ರವನ್ನೂ ಕ್ರಯಪತ್ರವನ್ನೂ ನೋಡಿ. ವಾಸಕ್ಕೆ ಮಾತ್ರ ಅನ್ನುವ ಷರತ್ತು ಅಲ್ಲೇ ಇರಬಹುದು. ಅದೇ ಬಡಾವಣೆಯಲ್ಲಿ ನಿಮಗೂ ಅಂಥದೇ ಪತ್ರ ಕೊಟ್ಟಿರುತ್ತಾರೆ. ಬೀರುವಿನಿಂದ ತೆಗೆದು ಓದಿ, ಸಾಕು.

ರಾಜ್ಯ ಸರ್ಕಾರದ ಭೂ ನಕ್ಷೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿಕೊಳ್ಳಿ. ಸರ್ಕಾರಿ ಜಾಗವೋ ಖರಾಬೋ (ಸಾಗುವಳಿಗೆ ಬಾರದ ಜಾಗ) ಕಾಲುವೆಯೋ ಸೈಟಿನೊಳಗೆ ಹಾದಿದ್ದರೆ ಅಲ್ಲಿ ಸುಳಿವು ಸಿಗುತ್ತದೆ. ಪಕ್ಕದಲ್ಲಿ ರಾಜಕಾಲುವೆ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆ, ಇದ್ದರೆ ಇಡೀ ಲೆಕ್ಕವೇ ಬೇರೆ. 2015ರ ಯೋಜನೆಯ ಪ್ರಕಾರ ಕಾಲುವೆಯ ಮಧ್ಯದಿಂದ ಅಳೆದು ಪ್ರಾಥಮಿಕ ಕಾಲುವೆಗೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಬಿಡಬೇಕು. ಕೆರೆಗೆ 30 ಮೀಟರ್. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಅಂತ ಹೇಳಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಇವತ್ತಿಗೂ ಎಷ್ಟೋ ಮನವಿಗಳಲ್ಲಿ 75 ಅಂತಲೇ ಬರೆಯುತ್ತಾರೆ. ಹಾಗೆ ಮಾಡಬೇಡಿ.

ಇನ್ನು, ಬಣ್ಣವೇ ಬದಲಾಗಿರಬಹುದು. ಅದನ್ನು ಭೂ ಉಪಯೋಗ ಬದಲಾವಣೆ ಅನ್ನುತ್ತಾರೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಪ್ರಕಾರ ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು. ಆ ಭಾಗದಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ಆ ಪ್ರಕಟಣೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬಂದಿರುತ್ತದೆ. ಬಡಾವಣೆಯಲ್ಲಿ ನಿವೃತ್ತರಾದ ಒಬ್ಬರಿಗೆ ದಿನಾ ಪತ್ರಿಕೆಯ ಸಾರ್ವಜನಿಕ ಪ್ರಕಟಣೆ ನೋಡುವ ಕೆಲಸ ಒಪ್ಪಿಸಿ. ಇಷ್ಟು ಸುಲಭದ ಕೆಲಸ ಇಷ್ಟು ಪ್ರಯೋಜನ ಕೊಡುವುದು ಅಪರೂಪ.

ಹಂತ 3: ಮಾಹಿತಿ ಹಕ್ಕಿನ ಅರ್ಜಿ

ನಕ್ಷೆ ಕೈಗೆ ಬಾರದೆ ಮುಂದಿನ ಯಾವ ಹೆಜ್ಜೆಯೂ ಗಟ್ಟಿಯಲ್ಲ. ಪಾಲಿಕೆಯ ನಗರ ಯೋಜನೆ ವಿಭಾಗಕ್ಕೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ. ಇದು ಗೊತ್ತಿಲ್ಲದೆ ಪುರಾಣ ಬರೆದು ವಾಪಸ್ ಪಡೆದವರು ಬೇಕಾದಷ್ಟು ಜನ. ಹೀಗೆ ಬರೆಯಿರಿ:

"ಸೈಟ್ ನಂ. …, … ಅಡ್ಡರಸ್ತೆ, … ಬಡಾವಣೆ. ಈ ಸ್ವತ್ತಿನ ಕಟ್ಟಡ ಪರವಾನಗಿ ಕಡತಕ್ಕೆ ಸಂಬಂಧಿಸಿ ದೃಢೀಕೃತ ಪ್ರತಿಗಳನ್ನು ಕೋರುತ್ತೇನೆ: ಪರವಾನಗಿ ಆದೇಶ, ಮಂಜೂರಾದ ನಕ್ಷೆ, ಕಾಮಗಾರಿ ಪ್ರಾರಂಭ ಪ್ರಮಾಣಪತ್ರ, ಭೂ ಉಪಯೋಗ ಬದಲಾವಣೆ ಆದೇಶ ಮತ್ತು ಅದರ ಪತ್ರಿಕಾ ಪ್ರಕಟಣೆ, ಸ್ಥಳ ಪರಿಶೀಲನಾ ವರದಿಗಳು, ಕಡತದ ಟಿಪ್ಪಣಿ ಹಾಳೆಗಳು. ಕಡತ ಪರಿಶೀಲನೆಗೂ ಅವಕಾಶ ಕೊಡಬೇಕು."

ಕೊನೆಯ ಸಾಲು ಮರೆಯಬೇಡಿ. ಕಡತವನ್ನು ಎದುರಿಗಿಟ್ಟು ನೋಡುವಾಗ, ಪ್ರತಿಯಲ್ಲಿ ಕಾಣದ ಎಷ್ಟೋ ವಿಷಯ ಕಾಣುತ್ತದೆ. ಟಿಪ್ಪಣಿ ಹಾಳೆಯಲ್ಲಿ ಕೆಳಗಿನ ಎಂಜಿನಿಯರ್ "ರಸ್ತೆ ಅಗಲ ಸಾಲದು" ಅಂತ ಬರೆದು, ಮೇಲಿನವರು ಅದನ್ನು ದಾಟಿ ಹೋಗಿರುವುದೂ ಉಂಟು.

"ಮಾಲೀಕರು ಒಪ್ಪುತ್ತಿಲ್ಲ, ಮೂರನೇ ವ್ಯಕ್ತಿಯ ಮಾಹಿತಿ" ಅಂತ ಉತ್ತರ ಬರಬಹುದು. ಮೂರನೇ ವ್ಯಕ್ತಿಯ ಅಭಿಪ್ರಾಯ ಕೇಳಬೇಕು ಅಂತ ಕಾನೂನಿನಲ್ಲಿದೆ, ಅವರ ಮಾತೇ ಕೊನೆ ಅಂತ ಇಲ್ಲ. ನೋಯಿಡಾದ ಸೂಪರ್‌ಟೆಕ್ ಅವಳಿ ಗೋಪುರದ ಕತೆ ಇಲ್ಲಿ ನೆನಪಿಡಬೇಕು. ಅಲ್ಲಿನ ನಿವಾಸಿಗಳು ನಕ್ಷೆ ಕೇಳಿದಾಗ ಪ್ರಾಧಿಕಾರ ಬಿಲ್ಡರ್‌ನ ಒಪ್ಪಿಗೆ ಕೇಳಿತು. ಅವರು ಬೇಡ ಅಂದರು, ಇವರೂ ಕೊಡಲಿಲ್ಲ. ಮುಂದೆ ಸುಪ್ರೀಂ ಕೋರ್ಟ್ 2021ರ ಆಗಸ್ಟ್ 31ರಂದು ಗೋಪುರಗಳನ್ನು ಕೆಡವಲು ಹೇಳಿದಾಗ, ಪ್ರಾಧಿಕಾರ ಹೀಗೆ ನಕ್ಷೆ ಮುಚ್ಚಿಟ್ಟದ್ದನ್ನು ಬಿಲ್ಡರ್ ಜೊತೆ ಕೈಜೋಡಿಸಿದ್ದಕ್ಕೆ ಗುರುತಾಗಿ ನೋಡಿತು. 2022ರ ಆಗಸ್ಟ್ 28ಕ್ಕೆ ಗೋಪುರಗಳು ನೆಲಕ್ಕೆ ಬಿದ್ದವು. ನಿಮಗೆ ನಕ್ಷೆ ಕೊಡದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ.

ಆಯೋಗದಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಅದಕ್ಕೆ ಪಕ್ಕದ ದಾರಿಗಳನ್ನೂ ನೋಡಿ. ಅಂಗಡಿಗಳನ್ನು ಮಾರುವ ಯೋಜನೆಯಾದರೆ, ಜಾಗ 500 ಚದರ ಮೀಟರ್ ಮೀರಿದ್ದರೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕಾಗುತ್ತದೆ. ಕರ್ನಾಟಕ ರೇರಾ ಜಾಲತಾಣದಲ್ಲಿ ನಕ್ಷೆ, ಪರವಾನಗಿ ಎಲ್ಲವನ್ನೂ ಅವರೇ ಏರಿಸಿರುತ್ತಾರೆ. ಬಾಡಿಗೆಗೆ ಮಾತ್ರ ಕೊಡುವ ಕಟ್ಟಡ ಅಲ್ಲಿ ಸಿಗುವುದಿಲ್ಲ.

ಹಂತ 4: ನಕ್ಷೆಯನ್ನು ಟೇಪು ಹಿಡಿದು ಓದಿ

ನಕ್ಷೆ ಬಂದ ದಿನ ಒಬ್ಬ ಆರ್ಕಿಟೆಕ್ಟ್ ಅಥವಾ ನಿವೃತ್ತ ಎಂಜಿನಿಯರ್ ಜೊತೆ ಕೂರಿ. ಪ್ರತಿ ಬಡಾವಣೆಯಲ್ಲೂ ಒಬ್ಬರು ಸಿಗುತ್ತಾರೆ.

ರಸ್ತೆ ಅಗಲದಿಂದ ಶುರು ಮಾಡಿ. ಎಷ್ಟು ಕಟ್ಟಬಹುದು ಅನ್ನುವ ಎಫ್‌ಎಆರ್ ಲೆಕ್ಕ ರಸ್ತೆ ಅಗಲದ ಮೇಲೆ ನಿಂತಿದೆ. ನಕ್ಷೆಯಲ್ಲಿ 12 ಮೀಟರ್ ಅಂತ ಇರುತ್ತದೆ. ನೀವು ಅಳೆದರೆ 9 ಮೀಟರ್. ಮೂಲೆ ಸೈಟಾದರೆ ದೊಡ್ಡ ರಸ್ತೆಯನ್ನು ತೋರಿಸಿ ಪರವಾನಗಿ ಪಡೆದು, ಕಾರುಗಳ ಗೇಟನ್ನು ನಿಮ್ಮ ಸಣ್ಣ ರಸ್ತೆಗೆ ಇಡುವುದೂ ಉಂಟು. ಮೂರ್ನಾಲ್ಕು ಕಡೆ ಅಳೆದು, ಟೇಪು ಕಾಣುವ ಹಾಗೆ ಫೋಟೋ ತೆಗೆಯಿರಿ.

ಆಮೇಲೆ ಸೆಟ್‌ಬ್ಯಾಕ್. ಸುತ್ತ ಬಿಡಬೇಕಾದ ಜಾಗ ಇದು. ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ತಿರುಗುವುದು ಅಲ್ಲೇ. ಎರಡು ಮೂರು ಸೈಟು ಒಗ್ಗೂಡಿಸಿದ್ದರೆ, ಅದಕ್ಕೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಇದೆಯಾ ನೋಡಿ. ಪಾರ್ಕಿಂಗ್ ಲೆಕ್ಕ ಹಾಕಿ. ಬೇಸ್‌ಮೆಂಟ್‌ನಲ್ಲಿ ಇಷ್ಟು ಕಾರು ಅಂತ ಬರೆದಿರುತ್ತಾರೆ, ರ‍್ಯಾಂಪು, ಕಂಬ ಕಳೆದು ನೋಡಿದರೆ ಅಷ್ಟು ಹಿಡಿಸುವುದಿಲ್ಲ. ಇನ್ನೂ ಸಾಮಾನ್ಯವಾದ ತಂತ್ರ ಅಂದರೆ, ವಸತಿ ಕಟ್ಟಡ ಅಂತ ಮಂಜೂರಾತಿ ಪಡೆದು ಆಫೀಸು ಕಟ್ಟುವುದು. ನಕ್ಷೆಯಲ್ಲಿ ಅಡುಗೆಮನೆ, ಮಲಗುವ ಕೋಣೆ ಇರುತ್ತವೆ. ಸೈಟಿನಲ್ಲಿ ನಡುಗೋಡೆಯೇ ಇಲ್ಲದ ಹಾಲ್ ಏಳುತ್ತಿರುತ್ತದೆ.

ಇದನ್ನೆಲ್ಲ ಒಂದು ಕೋಷ್ಟಕ ಮಾಡಿ. ನಿಯಮ ಏನು ಹೇಳುತ್ತದೆ, ನಕ್ಷೆಯಲ್ಲಿ ಏನಿದೆ, ಸ್ಥಳದಲ್ಲಿ ಏನಿದೆ, ಪುರಾವೆ ಯಾವುದು. ಎರಡೇ ಪುಟ ಇರಲಿ. ಮುಂದೆ ಆಯುಕ್ತರ ಮುಂದೆ, ವಕೀಲರ ಮುಂದೆ, ವರದಿಗಾರರ ಮುಂದೆ ನೀವು ಇಡುವುದು ಇದನ್ನೇ. ನಿಯಮಕ್ಕೂ ನಕ್ಷೆಗೂ ಹೊಂದದಿದ್ದರೆ ತಪ್ಪು ಮಂಜೂರಾತಿ ಕೊಟ್ಟವರದು. ನಕ್ಷೆಗೂ ಸ್ಥಳಕ್ಕೂ ಹೊಂದದಿದ್ದರೆ ಕಟ್ಟುವವರದು. ದೂರಿನ ದಾರಿ ಎರಡಕ್ಕೂ ಬೇರೆ ಬೇರೆ. ಏನೂ ತಪ್ಪು ಸಿಗದಿದ್ದರೆ ಸೀದಾ ಕೊನೆಯ ಹಂತಕ್ಕೆ ಹೋಗಿ. ಸುಮ್ನೆ ವರ್ಷಗಟ್ಟಲೆ ದುಡ್ಡು ಕಳೆಯಬೇಡಿ.

ಹಂತ 5: ಸಂಘ ಕಟ್ಟಿ, ನಿಮ್ಮ ಮನೆಯನ್ನೂ ನೋಡಿಕೊಳ್ಳಿ

ಒಬ್ಬರ ಹೆಸರಲ್ಲಿ ದೂರು ಹೋದರೆ ಒತ್ತಡ ಬರುವುದು ಆ ಒಬ್ಬರ ಮೇಲೆ. ಕ್ಷೇಮಾಭಿವೃದ್ಧಿ ಸಂಘ ಇದ್ದರೆ ಸಭೆ ಕರೆದು ನಿರ್ಣಯ ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ಸಂಘ ಇಲ್ಲದಿದ್ದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ನೋಂದಾಯಿಸಬಹುದು. ನೋಂದಣಿಗೆ ಕಾಯುತ್ತ ಕೂರಬೇಡಿ. ಅಷ್ಟರವರೆಗೆ ಹತ್ತಿಪ್ಪತ್ತು ಮನೆಯವರು ವಿಳಾಸದ ಸಮೇತ ಸಹಿ ಹಾಕಿದ ಮನವಿಯೇ ನಡೆಯುತ್ತದೆ.

ಈಗ ಯಾರಿಗೂ ಇಷ್ಟವಾಗದ ಮಾತು. ಸಂಘದ ಅಧ್ಯಕ್ಷರ ಮನೆಯ ಮೇಲೆ ಅನುಮತಿ ಇಲ್ಲದ ಮೂರನೇ ಮಹಡಿ ಇದೆಯಾ? ಕಾರ್ಯದರ್ಶಿಗಳು ಮನೆಯನ್ನು ಪಿಜಿಗೆ ಕೊಟ್ಟಿದ್ದಾರಾ? ಎದುರು ವಕೀಲರು ಮೊದಲು ತೆಗೆಯುವುದು ಅದನ್ನೇ. ಅರ್ಜಿಗೆ ಸಹಿ ಹಾಕುವವರು ಆದಷ್ಟು ಶುದ್ಧ ದಾಖಲೆ ಇರುವವರಾಗಿರಲಿ. ಅದೇ ರಸ್ತೆಯಲ್ಲಿ ತನ್ನ ಸೈಟನ್ನೂ ಮುಂದೆ ಬಿಲ್ಡರ್‌ಗೆ ಕೊಡುವ ಯೋಚನೆ ಇರುವವರೂ ಇರುತ್ತಾರೆ. ಅದು ಅವರ ಹಕ್ಕು. ಅಂಥವರನ್ನು ಊರ ದ್ರೋಹಿ ಅಂತ ಕರೆದು ಬಡಾವಣೆ ಒಡೆಯಬೇಡಿ, ಸಹಿ ಕೇಳಬೇಡಿ ಅಷ್ಟೆ.

ಹಂತ 6: ಆಕ್ಷೇಪಣೆ, ದೂರು, ಸ್ವೀಕೃತಿ ಮುದ್ರೆ

ಯಾರಿಗೆ ಬರೆಯಬೇಕು ಅನ್ನುವುದು ಬೆಂಗಳೂರಿನಲ್ಲಿ ಈಗ ಸ್ವಲ್ಪ ಗೊಂದಲ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದಿವೆ. ನಿಮ್ಮ ಪಾಲಿಕೆಯ ಆಯುಕ್ತರಿಗೆ, ನಗರ ಯೋಜನೆ ವಿಭಾಗಕ್ಕೆ ಬರೆದು, ಯೋಜನಾ ಪ್ರಾಧಿಕಾರಕ್ಕೊಂದು ಪ್ರತಿ ಕಳಿಸಿ. ಬೇರೆ ಊರಲ್ಲಿ ಪಾಲಿಕೆ ಆಯುಕ್ತರು ಮತ್ತು ನಗರಾಭಿವೃದ್ಧಿ ಪ್ರಾಧಿಕಾರ.

ಪತ್ರದಲ್ಲಿ ಬಡಾವಣೆಯ ಶಾಂತಿ, ಸಂಸ್ಕೃತಿ, ಹಿರಿಯ ನಾಗರಿಕರ ಕಷ್ಟ ಎಲ್ಲ ಒಂದು ಪ್ಯಾರಾ ಸಾಕು. ಉಳಿದದ್ದು ಕೋಷ್ಟಕದ ಅಂಶಗಳು. ಕೊನೆಗೆ ಏನು ಬೇಕು ಅಂತ ಖಡಾಖಂಡಿತ ಬರೆಯಿರಿ: ಜಂಟಿ ಸ್ಥಳ ಪರಿಶೀಲನೆ ಮಾಡಿ, ನಮ್ಮ ಎದುರಿಗೇ ಮಹಜರು ಬರೆಯಿರಿ, ಅಲ್ಲಿವರೆಗೆ ಕೆಲಸ ನಿಲ್ಲಿಸಿ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ಮುದ್ರೆ ಇಲ್ಲದ ದೂರು ಕೋರ್ಟಿನಲ್ಲಿ ಕೊಡದ ದೂರಿಗೆ ಸಮ.

ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡದಂಥ ಪಾಲಿಕೆಗಳಲ್ಲಿ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ 321ನೇ ಕಲಂ ನಿಮ್ಮ ಮುಖ್ಯ ಆಯುಧ. ಅಕ್ರಮ ಕಟ್ಟಡ ಕೆಡವಲು ಮೊದಲು ತಾತ್ಕಾಲಿಕ ಆದೇಶ, ಮಾಲೀಕರಿಂದ ವಿವರಣೆ, ಆಮೇಲೆ ದೃಢೀಕರಣ ಆದೇಶ. ಆದೇಶ ಬಂತು ಅಂತ ಸಿಹಿ ಹಂಚಬೇಡಿ. ಮಾಲೀಕರು ಮೇಲ್ಮನವಿ ಹಾಕಿ ತಡೆಯಾಜ್ಞೆ ತರುತ್ತಾರೆ, ಆ ವಿಚಾರಣೆಯಲ್ಲಿ ನೀವು ಇರುವುದೇ ಇಲ್ಲ. ನಮ್ಮನ್ನೂ ಪಕ್ಷಕಾರರನ್ನಾಗಿ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಿ. ಎಷ್ಟೋ ಆದೇಶಗಳು ಕಪಾಟಿನಲ್ಲಿ ಸಾಯುವುದು ಈ ಜಾಗದಲ್ಲೇ.

"ಅಕ್ರಮ-ಸಕ್ರಮದಲ್ಲಿ ಸರಿಮಾಡಿಕೊಳ್ತೀವಿ" ಅಂತ ಯಾರಾದರೂ ಅಂದರೆ ನಂಬಬೇಡಿ. ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡವನ್ನು ಸಕ್ರಮ ಮಾಡುವ ಆ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಹಾಕಿದೆ.

ರಸ್ತೆಗಿಳಿದು ಪ್ರತಿಭಟಿಸುವ ಮನಸ್ಸಿದ್ದರೆ ಪೊಲೀಸರ ಅನುಮತಿ ನೋಡಿಕೊಳ್ಳಿ. ಬೆಂಗಳೂರಿನಲ್ಲಿ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಮಾತ್ರ ಅನ್ನುವ ನಿಯಮ ಬಂದಿದೆ. ನಿಮ್ಮ ಬೀದಿಯಲ್ಲಿ ಮೇಣದಬತ್ತಿ ಹಿಡಿದು ನಿಂತರೂ ಕೇಸ್ ಬೀಳಬಹುದು.

ಹಂತ 7: ಕಟ್ಟಡ ತುಂಬ ದೊಡ್ಡದಾದರೆ

ಕಟ್ಟುವ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ 2006ರ ಅಧಿಸೂಚನೆ ಪ್ರಕಾರ ಪರಿಸರ ಅನುಮತಿ ಬೇಕು. ಅದಕ್ಕೆ ಸ್ವಲ್ಪ ಕೆಳಗೆ ನಿಲ್ಲಿಸಿದ್ದರೆ, ಅಥವಾ ಒಂದೇ ಕಾಂಪೌಂಡಿನಲ್ಲಿ ಎರಡು ಹೆಸರಿನ ಯೋಜನೆ ಇದ್ದರೆ ಅನುಮಾನಿಸಿ. ಅರ್ಜಿ, ಸಭೆಯ ನಡಾವಳಿ ಎಲ್ಲ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಸಿಗುತ್ತವೆ. ನೀರು ಎಲ್ಲಿಂದ, ಕೊಳಚೆ ಎಲ್ಲಿಗೆ, ದಿನಕ್ಕೆ ಎಷ್ಟು ವಾಹನ ಅಂತ ಅವರೇ ಬರೆದುಕೊಟ್ಟಿರುತ್ತಾರೆ. ನಿಮ್ಮ ಬೀದಿಯ ಯುಜಿಡಿ (ಒಳಚರಂಡಿ) ಪೈಪಿನ ಅಳತೆ ಗೊತ್ತಿದ್ದರೆ ಸುಳ್ಳು ಹಿಡಿಯುವುದು ಕಷ್ಟವಲ್ಲ. ಅನುಮತಿ ಸಿಕ್ಕ 30 ದಿನದೊಳಗೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬೇಕು. ತಕ್ಕ ಕಾರಣ ಇದ್ದರೆ ಇನ್ನು 60 ದಿನ ಸಿಗುತ್ತದೆ, ಅದರ ಮೇಲೆ ಒಂದು ದಿನವೂ ಇಲ್ಲ. ನಮ್ಮ ರಾಜ್ಯಕ್ಕೆ ಚೆನ್ನೈ ಪೀಠ.

ಹಂತ 8: ಕೋರ್ಟು

"ನಿಮಗೇನ್ರೀ ಸಂಬಂಧ, ಜಾಗ ಅವರದ್ದು" ಅನ್ನುವ ಮಾತು ಎಲ್ಲ ಕಚೇರಿಯಲ್ಲೂ ಕೇಳುತ್ತದೆ. ಇದಕ್ಕೆ ಉತ್ತರ ಬೆಂಗಳೂರಿನಿಂದಲೇ ಹೋಗಿದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಮೀಸಲಿಟ್ಟ ಜಾಗವನ್ನು 1976ರಲ್ಲಿ ಒಂದು ಖಾಸಗಿ ಟ್ರಸ್ಟಿಗೆ ಆಸ್ಪತ್ರೆ ಕಟ್ಟಲು ಕೊಟ್ಟರು. ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟೂ ನಿವಾಸಿಗಳ ಪರ ನಿಂತಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣ ಅಂತ ಅದು ದೇಶದ ಎಲ್ಲ ಕೋರ್ಟುಗಳಲ್ಲೂ ಓಡಾಡುತ್ತದೆ. ಬಡಾವಣೆಯ ನಿವಾಸಿಗೆ ಪ್ರಶ್ನಿಸುವ ಹಕ್ಕಿದೆ ಅನ್ನುವುದು ಆಗಲೇ ತೀರ್ಮಾನವಾದ ವಿಷಯ. ಆಸ್ಪತ್ರೆಯೂ ಒಳ್ಳೆಯದೇ ಅಲ್ವಾ ಅನ್ನುವ ವಾದವೂ ಅಲ್ಲಿ ನಡೆಯಲಿಲ್ಲ.

ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕುವಾಗ ಕೇಳುವುದು ಸಾಮಾನ್ಯವಾಗಿ ಎರಡು: ತಪ್ಪು ಮಂಜೂರಾತಿ ರದ್ದು ಮಾಡಿ, ಅಥವಾ ನಮ್ಮ ದೂರಿನ ಮೇಲೆ ಇಷ್ಟು ವಾರದೊಳಗೆ ಕ್ರಮ ಕೈಗೊಳ್ಳಲು ಪಾಲಿಕೆಗೆ ಹೇಳಿ. ಎರಡನೆಯದು ಬೇಗ ಸಿಗುತ್ತದೆ, ಆದರೆ ನಿಮ್ಮನ್ನು ಮತ್ತೆ ಅದೇ ಕಚೇರಿಗೆ ಕಳಿಸುತ್ತದೆ. ಬಿಲ್ಡರ್ ಮೊದಲೇ ಕೇವಿಯಟ್, ಅಂದರೆ ನನ್ನ ಮಾತು ಕೇಳದೆ ಆದೇಶ ಕೊಡಬೇಡಿ ಅನ್ನುವ ಅರ್ಜಿ, ಹಾಕಿರಬಹುದು. ಹಾಗಿದ್ದರೆ ಅವರ ಮಾತು ಕೇಳದೆ ತಡೆಯಾಜ್ಞೆ ಸಿಗುವುದು ಕಷ್ಟ. ನಕ್ಷೆ ಸಿಕ್ಕ ಮೇಲೆ ತಡ ಮಾಡಬೇಡಿ. ಕಣ್ಣೆದುರೇ ಕಟ್ಟಡ ಏಳುವಾಗ ಸುಮ್ಮನಿದ್ದವರಿಗೆ ಮಧ್ಯಂತರ ಆದೇಶ ಕೊಡಲು ಕೋರ್ಟು ಹಿಂಜರಿಯುತ್ತದೆ. ಖರ್ಚಿಗೆ ಮನೆಗಿಷ್ಟು ಅಂತ ಮೊದಲೇ ಸಂಗ್ರಹಿಸಿ, ಸಂಘದ ಖಾತೆಗೇ ಹಾಕಿ. ಎರಡನೇ ವರ್ಷ ಯಾರೂ ಕೊಡುವುದಿಲ್ಲ.

ಹಂತ 9: ಕಟ್ಟಡ ಮುಗಿದರೂ, ಅಥವಾ ಕಾನೂನಿನ ಪ್ರಕಾರವೇ ಇದ್ದರೂ

ಹಂತ 1ರಲ್ಲಿ ಹೇಳಿದ 2024ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಇನ್ನೊಂದು ಉಪಯೋಗದ ಮಾತಿದೆ. ಸ್ವಾಧೀನ ಪ್ರಮಾಣಪತ್ರ, ಅಂದರೆ ಒಸಿ, ತೋರಿಸಿದ ಮೇಲೆಯೇ ನೀರು, ವಿದ್ಯುತ್, ಒಳಚರಂಡಿ ಸಂಪರ್ಕ ಕೊಡಬೇಕು. ಅನಧಿಕೃತ ಕಟ್ಟಡಕ್ಕೆ ವ್ಯಾಪಾರದ ಪರವಾನಗಿ ಕೊಡಬಾರದು. ಹಾಗಾಗಿ ಜಲಮಂಡಳಿ, ವಿದ್ಯುತ್ ಕಂಪನಿ, ಪಾಲಿಕೆಯ ಆರೋಗ್ಯ ವಿಭಾಗ ಮೂರಕ್ಕೂ ನಿಮ್ಮ ಕೋಷ್ಟಕದ ಸಮೇತ ಮುಂಚೆಯೇ ಪತ್ರ ಕೊಟ್ಟಿಡಿ. ಒಸಿ ಇಲ್ಲದ ಕಟ್ಟಡಕ್ಕೆ ದೊಡ್ಡ ಕಂಪನಿಗಳು ಬಾಡಿಗೆಗೆ ಬರಲು ಹಿಂಜರಿಯುತ್ತವೆ.

ಎಲ್ಲವೂ ಸಕ್ರಮ ಅಂತ ಗೊತ್ತಾದರೆ ಮಾತುಕತೆಗೆ ಕೂರಿ. ಕಟ್ಟಡ ನಿಲ್ಲುವುದಿಲ್ಲ, ಆದರೆ ಷರತ್ತು ಸಿಗುತ್ತದೆ. ಸಾಮಾನು ಲಾರಿ ಯಾವ ಹೊತ್ತಿಗೆ ಬರಬೇಕು, ಗೇಟು ಯಾವ ರಸ್ತೆಗೆ, ಜನರೇಟರ್ ಮತ್ತು ಎಸಿ ಯಂತ್ರ ಯಾರ ಮಲಗುವ ಕೋಣೆಯ ಕಡೆಗೆ ಬೇಡ, ಅಗೆತಕ್ಕೆ ಪಕ್ಕದ ಮನೆಗಳಿಗೆ ವಿಮೆ ಯಾರು ಮಾಡಿಸಬೇಕು, ಟೆರೇಸಿನಲ್ಲಿ ಸಂಗೀತ ಇದೆಯೋ ಇಲ್ಲವೋ. 2000ದ ಶಬ್ದ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಒಪ್ಪಂದದಲ್ಲಿ ಈ ಅಂಕಿಗಳನ್ನೇ ಬರೆಸಿ. ಕೇಸ್ ನಡೆಯುತ್ತಿದ್ದರೆ ರಾಜಿ ಪತ್ರವನ್ನು ಕೋರ್ಟಿನಲ್ಲಿ ದಾಖಲಿಸಿ. ಇಲ್ಲದಿದ್ದರೆ ಸ್ಟ್ಯಾಂಪ್ ಪೇಪರಿನಲ್ಲಿ ಮಾಡಿಸಿ, ಬಿಲ್ಡರ್ ಜೊತೆ ಜಾಗದ ಮಾಲೀಕರ ಸಹಿಯನ್ನೂ ಹಾಕಿಸಿ. ಬಿಲ್ಡರ್ ಕಟ್ಟಡ ಒಪ್ಪಿಸಿ ಹೋದ ಮೇಲೆ ನೀವು ವ್ಯವಹರಿಸಬೇಕಾದ್ದು ಮಾಲೀಕರ ಜೊತೆ.